ನಾದಿನಿಯ ಮನೆಯಲ್ಲಿಟ್ಟ ಬೋರ್ಡುಗಳು

ಬೆಳಗಿನ ಪಾಳಿಯ ರೋಗಿಗಳಿಗೆ ಇನ್ನೂ ಯಂತ್ರ ಓಡುತ್ತಿತ್ತು. ನಮ್ಮ ಟ್ರಸ್ಟಿನ ಕಾರ್ಯದರ್ಶಿ ಬಂದು ಬಾಗಿಲಲ್ಲಿ ನಿಂತರು. ಯಾವಾಗಲೂ ಚಪ್ಪಲಿ ಹೊರಗೆ ಬಿಟ್ಟು ಬರುವವರು ಅವತ್ತು ಕೆಸರುಗಾಲಲ್ಲೇ ಒಳಗೆ ಬಂದರು.

"ಮ್ಯಾಲಿನ ಡ್ಯಾಮಿಂದ ಇನ್ನಷ್ಟು ನೀರ ಬಿಡಾಕತ್ತಾರಂತ. ಹೊಳಿ ನಮ್ಮ ಓಣಿಗೆ ಬರೂದ ಖರೆ. ಸಂಜಿಮಟಾ ಟೈಮ್ ಐತಿ. ಮಷಿನ್ ಮ್ಯಾಲ ಏರಸೂದು ಹೆಂಗ ನೋಡ್ರಿ."

ಗೋಕಾಕದ ಆ ಸಣ್ಣ ಡಯಾಲಿಸಿಸ್ ಕೇಂದ್ರದಲ್ಲಿ ಯಂತ್ರಗಳನ್ನು ನೋಡಿಕೊಳ್ಳುವವಳು ನಾನೊಬ್ಬಳೇ. ಕೆಳಮಹಡಿಯಲ್ಲಿ ಐದು ಯಂತ್ರಗಳಿದ್ದವು. ಒಂದೊಂದೂ ಆಳೆತ್ತರ, ತಳದಲ್ಲಿ ನೀರಿನ ಕೊಳವೆ, ಪಂಪು, ಬಿಸಿಮಾಡುವ ಕಾಯ್ಲು. ಮೇಲೆ ಹೋಗುವ ಪಾವಟಿಗೆಗಳು ಕಿರಿದು, ನಡುವೆ ತಿರುವು ಬೇರೆ. ಹೋದ ವರ್ಷ ಬರೀ ಒಂದು ಕಬ್ಬಿಣದ ಮಂಚ ಏರಿಸುವಾಗ ಗೋಡೆ ಒಡೆದಿತ್ತು. ಸಾಲದ್ದಕ್ಕೆ ಮೇಲಿನ ಮಹಡಿ ಅರ್ಧ ಕಟ್ಟಿ ಬಿಟ್ಟದ್ದು, ಕಿಟಕಿಗಳಿಗೆ ಬಾಗಿಲೇ ಇರಲಿಲ್ಲ.

"ಏರಸಾಕ ಆಗಂಗಿಲ್ರಿ," ಎಂದೆ. "ಒಳಗಿನ ಬೋರ್ಡ್ ತಗೀತೇನಿ. ಉಳದದ್ದು ನೀರಾಗ ನಿಂತರೂ ತೊಳದು ಒಣಗಿಸಿ ಎಬ್ಬಸಬಹುದು. ಬೋರ್ಡಿಗೆ ನೀರ ಹೊಕ್ರ ಮಷಿನ್ ಗುಜರಿಗೇ."

ಅವರು ನನ್ನ ಮುಖ ನೋಡಿದರು. ಕೇಳಬೇಕೆಂದಿದ್ದ ಪ್ರಶ್ನೆ ಬೇರೆ ಇತ್ತೇನೋ. ಕೇಳಿದ್ದು ಇಷ್ಟೇ: "ಒಬ್ಬರ ಕಡೆಯಿಂದ ಆಗ್ತೈತೇನ್ರಿ?"

ಆಗುತ್ತದೆ ಎಂದೆ.

ಕಿಟಕಿಯ ಪಕ್ಕದ ಮೂರನೇ ಯಂತ್ರಕ್ಕೆ ನನ್ನ ಗಂಡ ವಾರಕ್ಕೆ ಎರಡು ಸಲ ಮಲಗುತ್ತಿದ್ದರು. ಆ ಬೇಸಿಗೆಯಲ್ಲಿ ತೀರಿಕೊಂಡರು. ಕ್ರಿಯಾಕರ್ಮಗಳು ಮುಗಿದ ಮೇಲೆ ನಾನು ಕೆಲಸಕ್ಕೆ ಬಂದೆ. ಬಂದ ದಿನ ಎಲ್ಲರೂ ನನ್ನನ್ನು ಗಾಜಿನ ಸಾಮಾನಿನಂತೆ ನೋಡಿದರು. ನನಗೇನೂ ಆಗಲಿಲ್ಲ. ಫಿಲ್ಟರ್ ಬದಲಿಸಿದೆ, ನೀರಿನ ಪರೀಕ್ಷೆ ಮಾಡಿದೆ, ಮನೆಗೆ ಹೋಗಿ ಮಲಗಿದೆ. ನಂತರದ ದಿನಗಳೂ ಹಾಗೇ. ಹಲ್ಲು ಕೀಳಿಸಿದ ದಿನ ಕೆನ್ನೆ ನಮ್ಮದಲ್ಲ ಎನ್ನಿಸುತ್ತದಲ್ಲ, ಮೈಯೆಲ್ಲ ಹಾಗಿತ್ತು.

ಪಾಳಿ ಮುಗಿಯಿತು. ರೋಗಿಗಳ ರಕ್ತ ಮರಳಿಸಿ, ಸೂಜಿ ತೆಗೆದು, ನರ್ಸಮ್ಮ ಒಬ್ಬೊಬ್ಬರನ್ನೇ ಕಳಿಸಿದಳು. ಕಲ್ಲೋಳಿಯಿಂದ ಬರುವ ಅಕ್ಕ ಮಾತ್ರ ಹೋಗಲಿಲ್ಲ. ಹೊಲಮನೆ ಕೆಲಸ ಮಾಡಿದ ಗಟ್ಟಿ ಕೈಯವಳು, ಮಾತೂ ಹಾಗೇ ಗಟ್ಟಿ.

"ಮುಂದಿನ ಪಾಳಿ ಎಲ್ಲಿ ಮಾಡ್ತೀರಿ ನಮಗ? ಹೊಳ್ಯಾಗ?"

"ಬೆಳಗಾವ್ಯಾಗ ವ್ಯವಸ್ಥಾ ಮಾಡ್ತೇವಿ ಅಕ್ಕಾರ. ಸೇತುವೆ ಮುಚ್ಚೂದ್ರಾಗ ಮನಿ ಮುಟ್ರಿ."

ಅವಳು ತೋಳಿನ ಪಟ್ಟಿ ಒತ್ತಿಕೊಂಡು ಹೋದಳು. ನಾನು ಮೊದಲನೇ ಯಂತ್ರದ ಹಿಂಬದಿಯ ತಗಡು ಬಿಚ್ಚಿದೆ.

ಆ ಕೆಲಸದಲ್ಲಿ ಅವಸರಕ್ಕೆ ಜಾಗವಿಲ್ಲ. ಪ್ಲಗ್ ಕಿತ್ತ ಕೂಡಲೇ ಕೈ ಹಾಕುವಂತಿಲ್ಲ. ಕೆಪಾಸಿಟರುಗಳಲ್ಲಿ ಉಳಿದ ವಿದ್ಯುತ್ತು ಇಳಿಯುವವರೆಗೆ ಕಾಯಬೇಕು. ಆಮೇಲೆ ಮಣಿಕಟ್ಟಿಗೆ ಪಟ್ಟಿ ಕಟ್ಟಿ ಅದರ ಇನ್ನೊಂದು ತುದಿಯನ್ನು ಯಂತ್ರದ ಕಬ್ಬಿಣದ ಚೌಕಟ್ಟಿಗೆ ಕಚ್ಚಿಸಬೇಕು. ನಮ್ಮ ಮೈಯಲ್ಲಿ ಬಟ್ಟೆ ತಿಕ್ಕಿ ಹುಟ್ಟುವ ವಿದ್ಯುತ್ತು ಎಷ್ಟು ಸಣ್ಣದೆಂದರೆ ನಮಗೆ ಗೊತ್ತೇ ಆಗುವುದಿಲ್ಲ. ಬೋರ್ಡಿನ ಮೇಲಿನ ಪುಟ್ಟ ಚಿಪ್‌ಗೆ ಅದು ಸಿಡಿಲು. ಅದು ಬಡಿದ ಬೋರ್ಡು ಸುಟ್ಟು ಕಪ್ಪಾಗುವುದಿಲ್ಲ, ವಾಸನೆ ಬರುವುದಿಲ್ಲ. ಕೆಲವು ಸಲ ಕೆಲಸವನ್ನೂ ಮಾಡುತ್ತದೆ, ಸ್ವಲ್ಪ ದಿನ. ಅದೇ ಅದರ ಕೇಡು.

ಪ್ರತಿ ಕನೆಕ್ಟರಿನ ಫೋಟೋ ತೆಗೆದೆ. ತಂತಿಯ ಕೊರಳಿಗೆ ಕಾಗದದ ಟೇಪು ಸುತ್ತಿ ಗುರುತು ಬರೆದೆ. ಬೋರ್ಡನ್ನು ಅಂಚಿನಲ್ಲಷ್ಟೇ ಹಿಡಿದು, ಒಂದೇ ಕಡೆ ಎಳೆಯದೆ, ಎರಡೂ ಬದಿ ಸ್ವಲ್ಪಸ್ವಲ್ಪವೇ ಅಲುಗಿಸಿ ಹೊರಗೆ ತಂದೆ. ಒಂದು ಯಂತ್ರದ ಬೋರ್ಡು ಇನ್ನೊಂದಕ್ಕೆ ಬರುವುದಿಲ್ಲ. ಆ ಯಂತ್ರದ ಪಂಪು ಎಷ್ಟು ತಿರುಗಿದರೆ ಎಷ್ಟು ನೀರು, ಅದರ ಶಾಖ ಅಳೆಯುವ ತಂತಿ ಎಷ್ಟು ತಪ್ಪು ಹೇಳುತ್ತದೆ ಎಂಬ ಲೆಕ್ಕವೆಲ್ಲ ಅದರದೇ ಬೋರ್ಡಿನ ನೆನಪಿನಲ್ಲಿರುತ್ತದೆ. ಆ ನೆನಪು ಉಳಿಯುವುದು ಬೋರ್ಡಿನ ಮೇಲೆ ಕೂತ ನಾಣ್ಯದಂಥ ಒಂದು ಬ್ಯಾಟರಿಯಿಂದ.

ವಿದ್ಯುತ್ತು ತಡೆಯುವ ಬೆಳ್ಳಿಬಣ್ಣದ ಚೀಲಗಳು ಕೆಲವೇ ಇದ್ದವು. ಉಳಿದದ್ದಕ್ಕೆ ಗುಲಾಬಿ ಬಣ್ಣದ ಚೀಲ. ಗುಲಾಬಿ ಚೀಲ ತಾನಾಗಿ ವಿದ್ಯುತ್ತು ಹುಟ್ಟಿಸುವುದಿಲ್ಲ, ಆದರೆ ಹೊರಗಿನದನ್ನು ತಡೆಯುವುದಿಲ್ಲ. ಅದಕ್ಕೆ ಅದರ ಮೇಲೆ ಚಪಾತಿ ಸುತ್ತುವ ಅಲ್ಯುಮಿನಿಯಂ ಹಾಳೆ ಸುತ್ತಿದೆ. ಗಡಿಬಿಡಿಯಲ್ಲಿ ಹಾಳೆಯನ್ನೇ ನೇರ ಬೋರ್ಡಿಗೆ ಸುತ್ತಿದರೆ ಬ್ಯಾಟರಿಯ ಎರಡು ತುದಿಗಳೂ ಕೂಡಿ ಅದು ಖಾಲಿಯಾಗಿ, ನೆನಪೆಲ್ಲ ಅಳಿಸಿಹೋಗುತ್ತದೆ. ಸಿರಿಂಜು ಬಂದಿದ್ದ ರಟ್ಟಿನ ಡಬ್ಬಿಗಳಿಂದ ತಿಕ್ಕಿದರೆ ವಿದ್ಯುತ್ತು ಹುಟ್ಟಿಸುವ ಥರ್ಮಾಕೋಲ್ ಕಿತ್ತೆಸೆದು ಆಸ್ಪತ್ರೆಯ ಒಗೆದ ಹತ್ತಿಯ ಚಾದರು ಹಾಸಿದೆ. ತೇವ ಹೀರುವ ನೀಲಿ ಹರಳಿನ ಪುಟ್ಟ ಚೀಲಗಳನ್ನು ನಡುನಡುವೆ ಇಟ್ಟೆ.

ಮೂರನೇ ಯಂತ್ರಕ್ಕೆ ಬಂದಾಗ ನರ್ಸಮ್ಮ ಕೆಲಸ ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ನಾನು ಉಳಿದವನ್ನು ಬಿಚ್ಚಿದಂತೆಯೇ ಅದನ್ನೂ ಬಿಚ್ಚಿದೆ. ಹಿಂಬದಿಯ ಫ್ಯಾನಿಗೆ ಧೂಳು ಹಿಡಿದಿತ್ತು. ಬ್ರಶ್ಶಿನಿಂದ ತೆಗೆದೆ.

ಡಬ್ಬಿಗಳು ಸಿದ್ಧವಾದವು. ಎಲ್ಲಿಗೆ ಒಯ್ಯುವುದು? ನನ್ನ ಮನೆಯೂ ಅದೇ ತಗ್ಗಿನಲ್ಲಿ. ಕಾರ್ಯದರ್ಶಿಯ ಮನೆಯಲ್ಲಿ ಆಗಲೇ ಹೊಳೆದಂಡೆಯ ನೆಂಟರು ತುಂಬಿದ್ದರು. ಎತ್ತರದಲ್ಲಿರುವ, ಹಸಿಯಿಲ್ಲದ, ಬೀಗ ಹಾಕಲು ಬರುವ, ನನಗೆ ಗುರುತಿನ ಮನೆ ಎಂದರೆ ಒಂದೇ ಇತ್ತು. ಹುಕ್ಕೇರಿಯಲ್ಲಿ ನನ್ನ ನಾದಿನಿಯ ಮನೆ.

ನನ್ನ ಗಂಡನ ಒಬ್ಬಳೇ ತಂಗಿ ಅವಳು. ಅಣ್ಣನಿಗೆ ಕಿಡ್ನಿ ಕೊಡಲು ಅವಳದು ಹೊಂದಿತ್ತು, ನನ್ನದು ಹೊಂದಿರಲಿಲ್ಲ. ಬೆಳಗಾವಿಗೆ ಓಡಾಡಿ ಎಲ್ಲ ಪರೀಕ್ಷೆ ಮಾಡಿಸಿಕೊಂಡಳು. ಕೊನೆಯ ಸಹಿಗೆ ಬರುವ ದಿನ ಬರಲಿಲ್ಲ. ಅತ್ತೆ ಮನೆಯಲ್ಲಿ ಬೇಡವೆಂದರು, ಮಕ್ಕಳು ಸಣ್ಣವು ಎಂದು ಅವಳ ಗಂಡ ಫೋನಿನಲ್ಲಿ ಹೇಳಿದ. ನಾನು ಸರಿ ಎಂದೆ. ಅಣ್ಣನ ಮಣ್ಣಿಗೆ ಬಂದಿದ್ದಳು. ಗುಂಪಿನ ಹಿಂದೆ ನಿಂತು ಹೊರಟುಹೋಗಿದ್ದಳು. ಆಮೇಲೆ ನಾವು ಮಾತಾಡಿರಲಿಲ್ಲ.

ಟ್ರಸ್ಟಿನ ಆಂಬುಲೆನ್ಸು ಓಡಿಸುವವರು ಮಮದಾಪುರದ ಕಾಕಾ. ಡಬ್ಬಿಗಳನ್ನು ಸೀಟಿನ ಸ್ಪಂಜಿನ ಮೇಲೆ ಇಡಲು ಬಿಡದೆ ನೆಲಕ್ಕೆ ಚಾದರು ಹಾಸಿ ಇಟ್ಟೆ, ಒಂದನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಸೇತುವೆಯ ಕೆಳಗೆ ನೀರು ಕಂಬಗಳನ್ನು ನುಂಗಿ ಹಾಸಿನ ಅಂಚಿಗೆ ಬಂದಿತ್ತು. ಪೊಲೀಸರು ಬ್ಯಾರಿಕೇಡು ಅಡ್ಡ ತರುತ್ತಿದ್ದರು. ಕಾಕಾ ಸೈರನ್ ಹಾಕಿದರು.

"ಪೇಷಂಟ್ ಅದಾರೇನ್ರಿ ಒಳಗ?" ಒಬ್ಬ ಪೊಲೀಸ ಕೇಳಿದ.

ಕಾಕಾ ನನ್ನ ತೊಡೆಯ ಮೇಲಿನ ಡಬ್ಬಿ ನೋಡಿ, "ಅದಾರ್ರಿ," ಎಂದರು. ನಾವು ದಾಟಿದೆವು.

ನಾದಿನಿ ಬಾಗಿಲು ತೆರೆದವಳು ನನ್ನನ್ನು ನೋಡಿ ಹಿಂದೆ ಸರಿದಳು. "ಬರ್ರಿ ವೈನಿ," ಎನ್ನುವ ಹೊತ್ತಿಗೆ ಸೆರಗು ಸರಿಮಾಡಿಕೊಂಡಿದ್ದಳು. ನಾನು ಕೂರಲಿಲ್ಲ. ಬಂದ ಕೆಲಸ ಹೇಳಿದೆ. ಅವಳು ಏನೂ ಕೇಳದೆ ಒಳಗಿನ ಕೋಣೆಯ ಸ್ಟೀಲ್ ತಿಜೋರಿ ತೆರೆದು ಸೀರೆಗಳನ್ನೆಲ್ಲ ತೆಗೆದು ಮಂಚದ ಮೇಲೆ ಹಾಕಿದಳು. ಎರಡು ಖಾನೆ ಖಾಲಿಯಾದವು.

"ಡಬ್ಬಿ ತಗೀಬ್ಯಾಡ. ಹುಡುಗ್ರು ಮುಟ್ಟಬಾರದು," ಎಂದೆ.

"ಇಲ್ರಿ." ಆಮೇಲೆ ಸಣ್ಣ ದನಿಯಲ್ಲಿ, "ಇದ್ರಾಗ ಅಣ್ಣಂದು ಯಾವ್ದ್ರಿ?"

ಮೂರು ಎಂದು ಬರೆದ ಡಬ್ಬಿ ತೋರಿಸಿದೆ. ಅವಳು ಅದನ್ನು ಮುಟ್ಟಲಿಲ್ಲ. ತಿಜೋರಿಯ ಬಾಗಿಲು ಹಾಕಿ ಕೀಲಿ ತಿರುವಿದಳು. "ಚಹಾ ಇಡ್ತೇನಿ, ಕೂಡ್ರಿ," ಎಂದಳು. ಕಾಕಾ ಕಾಯುತ್ತಿದ್ದಾರೆ ಎಂದು ಹೊರಟೆ.

ನಾನು ಮರಳಿ ಗೋಕಾಕಕ್ಕೆ ಹೋಗುವಂತಿರಲಿಲ್ಲ, ಸೇತುವೆ ಮುಚ್ಚಿತ್ತು. ಬೆಳಗಾವಿಗೆ ಹೋದೆ. ಅಲ್ಲಿಯ ಒಂದು ಕೇಂದ್ರದವರು ನಮ್ಮ ರೋಗಿಗಳಿಗೆ ತಮ್ಮ ಪಾಳಿಗಳ ನಡುವೆ ಜಾಗ ಕೊಟ್ಟಿದ್ದರು. ಕೈಗಳು ಕಡಿಮೆಯಿದ್ದವು. ನರ್ಸಮ್ಮನ ಜೊತೆ ನಿಂತು ಯಂತ್ರ ತೊಳೆದೆ, ಕೊಳವೆ ಜೋಡಿಸಿದೆ. ನಮ್ಮ ರೋಗಿಗಳಲ್ಲಿ ಕೆಲವರು ಸುತ್ತುಹಾದಿಯಲ್ಲಿ ಬಂದು ಮುಟ್ಟಿದರು. ಕಲ್ಲೋಳಿಯ ಅಕ್ಕ ಬಂದಳು, ಕಾಲು ಬಾತಿತ್ತು, ಬೈಯುತ್ತಲೇ ಮಲಗಿದಳು. ಮೂಡಲಗಿಯಿಂದ ಬರಬೇಕಾಗಿದ್ದ ಹಿರಿಯರೊಬ್ಬರು ಬರಲಿಲ್ಲ. ಅವರ ಊರಿನ ಕಡೆಯ ರಸ್ತೆಗೂ ನೀರು ಬಂದಿತ್ತಂತೆ. ಪಾಳಿ ತಪ್ಪಿತು, ಮತ್ತೊಂದೂ ತಪ್ಪಿತು. ಅವರ ಮಗ ಫೋನ್ ಮಾಡಿ, ಅಪ್ಪ ಹೋದರು ಎಂದು ಹೇಳಿದಾಗ ನಾನು ಒಂದು ಕವಾಟದ ತಿರುಪು ಬಿಗಿಮಾಡುತ್ತಿದ್ದೆ. ಫೋನ್ ಕಿವಿಗೆ ಭುಜದಿಂದ ಒತ್ತಿಕೊಂಡು ಪೂರ್ತಿ ಕೇಳಿದೆ. ತಿರುಪು ಪೂರ್ತಿ ಬಿಗಿಯಾದ ಮೇಲೆ ನರ್ಸಮ್ಮನಿಗೆ ಹೇಳಿದೆ. ಅವಳು ಅತ್ತಳು.

ನೀರು ಇಳಿದ ಸುದ್ದಿ ಬಂದಾಗ ಮಳೆ ಇನ್ನೂ ಜಿಟಿಜಿಟಿ ಹಿಡಿದಿತ್ತು. ನಾನು ಹುಕ್ಕೇರಿಗೆ ಹೋದೆ.

ನಾದಿನಿ ತಿಜೋರಿ ಇದ್ದ ಕೋಣೆಗೆ ಕರೆದುಕೊಂಡು ಹೋಗಲಿಲ್ಲ. ದೇವರ ಜಗುಲಿಯ ಬಾಜೂ ಇದ್ದ ಸಣ್ಣ ಕಟ್ಟಿಗೆಯ ಕಪಾಟಿನ ಬಳಿ ಕರೆದೊಯ್ದಳು. ಬಾಗಿಲ ಸಂದಿಯಿಂದ ಹಳದಿ ಬೆಳಕು ಬರುತ್ತಿತ್ತು. ತೆರೆದಳು. ಒಳಗೆ ಕೋಳಿಮರಿಗಳಿಗೆ ಹಚ್ಚುವಂಥ ದೊಡ್ಡ ಬಲ್ಬು ಉರಿಯುತ್ತಿತ್ತು. ಮುಖಕ್ಕೆ ಬಿಸಿ ಹೊಡೆಯಿತು. ಬೋರ್ಡುಗಳು ಬಣ್ಣಬಣ್ಣದ ನೈಲಾನ್ ಸೀರೆಗಳಲ್ಲಿ, ಕೂಸು ಹೊದೆಯುವ ತುಪ್ಪಳದಂಥ ಕಂಬಳಿಯಲ್ಲಿ ಸುತ್ತಿಕೊಂಡು ಸಾಲಾಗಿ ಮಲಗಿದ್ದವು. ಪ್ರತಿಯೊಂದರ ಕೆಳಗೆ ಅದರದೇ ಚೀಲ ಮಡಿಚಿ ಇಟ್ಟಿತ್ತು, ನಂಬರು ಮೇಲೆ ಕಾಣುವಂತೆ.

"ಗ್ವಾಡಿ ಎಲ್ಲಾ ಹಸಿ ಬಂತ್ರಿ ವೈನಿ," ಅವಳು ಉಸಿರು ಬಿಡದೆ ಹೇಳಿದಳು. "ತಿಜೋರಿ ಹಿಂದ ನೀರ ಜಿನಗಾಕತ್ತಿತ್ತು. ರಟ್ಟಿನ ಡಬ್ಬಿ ತೊಯ್ದು ಮೆತ್ತಗ ಆದ್ವು. ನಿಮಗ ಫೋನ್ ಹಚ್ಚಿದ್ನಿ, ಹತ್ತಲಿಲ್ಲ. ಚೀಲದ ಒಳಗೂ ಬೆವತಂಗ ಕಂಡ್ತು. ಅದಕ ತಗದು ಅರಿವಿಲೆ ಒರಸಿ, ಮೆತ್ತಗ ಇರಲಿ ಅಂತ ಸೀರ್ಯಾಗ ಸುತ್ತೇನಿ. ಬಲ್ಬ್ ಆರಾಕ ಬಿಟ್ಟಿಲ್ಲ. ಒಂದಕ್ಕೂ ಹಸಿ ತಾಕಿಲ್ರಿ."

ನಿಜ. ಒಂದಕ್ಕೂ ಹಸಿ ತಾಕಿರಲಿಲ್ಲ.

ಮಳೆಗಾಲದ ಹಸಿ ಗಾಳಿಯಲ್ಲಿ ಬಟ್ಟೆ ತಿಕ್ಕಿದರೆ ಹುಟ್ಟುವ ವಿದ್ಯುತ್ತು ನಿಲ್ಲುವುದಿಲ್ಲ, ಗಾಳಿಗೇ ಸೋರಿಹೋಗುತ್ತದೆ. ಆದರೆ ಆ ಕಪಾಟಿನೊಳಗೆ ಮಳೆಗಾಲ ಇರಲಿಲ್ಲ. ಬಿಸಿ, ಒಣ ಗಾಳಿ, ನೈಲಾನು, ಕಂಬಳಿ. ಯಾವುದನ್ನು ನಾವು ಬೋರ್ಡಿರುವ ಕೋಣೆಯೊಳಗೇ ತರಬಾರದೋ ಅದೆಲ್ಲ ಅಲ್ಲಿತ್ತು. ನನಗೆ ಕೋಪ ಬರಲಿಲ್ಲ. ಬರಬೇಕು ಎಂದು ಗೊತ್ತಿತ್ತು, ಅದಕ್ಕಾಗಿ ಸ್ವಲ್ಪ ಹೊತ್ತು ಕಾದೆ ಕೂಡ.

"ತಪ್ಪಾತೇನ್ರಿ?" ಅವಳು ಕೇಳಿದಳು.

"ನೋಡೂಣು."

ಬಲ್ಬು ಆರಿಸಿದೆ. ಕಪಾಟಿನ ಬಾಗಿಲು ತೆರೆದಿಟ್ಟು ಹೊರಗಿನ ಹಸಿ ಗಾಳಿ ಒಳಗೆ ಆಡಲು ಬಿಟ್ಟೆ. ಸೀರೆಯನ್ನು ಒಮ್ಮೆಲೇ ಎಳೆದುಬಿಟ್ಟರೆ ಆ ಎಳೆತದಲ್ಲೇ ಮತ್ತೆ ವಿದ್ಯುತ್ತು ಹುಟ್ಟುತ್ತದೆ. ಹಾಗಾಗಿ ಸುಮಾರು ಹೊತ್ತು ಕಾದು, ಮಣಿಕಟ್ಟಿಗೆ ಪಟ್ಟಿ ಕಟ್ಟಿ ಅದರ ತುದಿಯನ್ನು ಅವರ ಹಿತ್ತಲಿನ ಬೋರ್‌ವೆಲ್ಲಿನ ಕಬ್ಬಿಣದ ಕೊಳವೆಗೆ ಉದ್ದ ತಂತಿಯಿಂದ ಜೋಡಿಸಿ, ಒಂದೊಂದೇ ಸೀರೆಯ ಪದರು ಮೆಲ್ಲಗೆ ಬಿಡಿಸಿದೆ. ನಾದಿನಿ ಗೋಡೆಗೆ ಒರಗಿ ನಿಂತು ನೋಡಿದಳು. ನಾನು ಹೊಸ ಚೀಲ ತಂದಿದ್ದೆ. ಹಾಕಿದೆ, ಕಟ್ಟಿದೆ.

ಅವಳ ಅತ್ತೆ ಅಡಿಗೆಮನೆಯಿಂದ, "ಉಂಡ ಹೋಗಾಕ ಹೇಳವಾ," ಎಂದರು. ನಾನು ಉಣ್ಣದೆ ಹೊರಟೆ.

ಗೋಕಾಕದಲ್ಲಿ ನಮ್ಮ ಕೇಂದ್ರದ ಗೋಡೆಯ ಮೇಲೆ ನೀರು ನಿಂತಿದ್ದ ಗೆರೆ ನನ್ನ ಎದೆಯ ಮಟ್ಟಕ್ಕಿತ್ತು. ಯಂತ್ರಗಳ ಹೊಟ್ಟೆಯಲ್ಲಿ ಕೆಸರು ಕೆನೆಗಟ್ಟಿತ್ತು. ಒಂದು ಯಂತ್ರ ಉರುಳಿ ಕಾಯ್ಲು ಸೀಳಿತ್ತು. ಅದನ್ನು ಬಿಟ್ಟೆ. ಉಳಿದವನ್ನು ಬಿಚ್ಚಿ, ಮೊದಲು ಶುದ್ಧೀಕರಿಸಿದ ನೀರಲ್ಲಿ, ಆಮೇಲೆ ಸ್ಪಿರಿಟ್ಟಿನಲ್ಲಿ ತೊಳೆದು, ತಂತಿಗಳ ಕೊರಳು ಕೊರಳಿಗೂ ಗಾಳಿ ಹೊಡೆದು ಒಣಗಿಸಿದೆ. ಬಿಸಿಗಾಳಿ ಹೊಡೆಯಲಿಲ್ಲ, ಬಿಸಿಗೆ ಪ್ಲಾಸ್ಟಿಕ್ಕು ಸೊಟ್ಟಗಾಗುತ್ತದೆ. ಕೊಳವೆಗಳನ್ನು ಬದಲಿಸಿ, ನೀರಿನ ಸಾಲನ್ನೆಲ್ಲ ಔಷಧ ಹಾಕಿ ತೊಳೆದು, ನೀರಿನ ಪರೀಕ್ಷೆಯ ವರದಿ ಬರುವವರೆಗೆ ಕಾದೆ. ದಿನಗಳು ಹೋದವು. ನಾನು ಅಲ್ಲೇ ಬೆಂಚಿನ ಮೇಲೆ ಕೂತು ನರ್ಸಮ್ಮ ತಂದ ರೊಟ್ಟಿ ತಿನ್ನುತ್ತಿದ್ದೆ. ರುಚಿ ಏನಿತ್ತು ಎಂದು ಕೇಳಿದರೆ ಈಗಲೂ ಹೇಳಲಾರೆ.

ಬೋರ್ಡುಗಳನ್ನು ಕೂಡಿಸಿ ಒಂದೊಂದೇ ಯಂತ್ರಕ್ಕೆ ಕರೆಂಟು ಕೊಟ್ಟೆ. ನಾಲ್ಕೂ ಎದ್ದವು. ಪರದೆ ಬೆಳಗಿತು, ಪಂಪು ತಿರುಗಿತು. ಪ್ರತಿ ಯಂತ್ರವೂ ತನ್ನನ್ನು ತಾನು ಪರೀಕ್ಷಿಸಿಕೊಂಡು ಎಲ್ಲ ಸರಿ ಎಂದು ಹಸಿರು ತೋರಿಸಿತು. ಕಾರ್ಯದರ್ಶಿ ಕೈ ಮುಗಿದರು. "ನಾಳಿಯಿಂದ ಪಾಳಿ ಚಾಲೂ ಮಾಡೂಣ್ರಿ."

"ಬ್ಯಾಡ್ರಿ," ಎಂದೆ.

ನಮ್ಮ ಡಾಕ್ಟರೂ ಅಲ್ಲೇ ಇದ್ದರು. ಬೋರ್ಡುಗಳನ್ನು ಹೇಗೆ ಇಡಲಾಗಿತ್ತು ಎಂದು ಇಬ್ಬರಿಗೂ ಹೇಳಿದೆ. ಯಾರು ಇಟ್ಟರು ಎಂಬುದನ್ನೂ ಹೇಳಿದೆ. ರೋಗಿಯಿಲ್ಲದೆ, ಬರೀ ನೀರು ಮತ್ತು ದ್ರಾವಣ ಹಾಕಿ, ಒಂದು ಪೂರ್ತಿ ಪಾಳಿಯ ಹೊತ್ತು ಪ್ರತಿ ಯಂತ್ರವನ್ನೂ ಓಡಿಸಬೇಕು, ಒಂದು ಸಲವಲ್ಲ, ಹಲವು ಸಲ ಎಂದೆ.

"ಟೆಸ್ಟ್ ಪಾಸ್ ಆದವಲ್ರಿ?" ಡಾಕ್ಟರು ಕೇಳಿದರು.

"ಆ ಟೆಸ್ಟ್ ಮಾಡೂದೂ ಅದ ಬೋರ್ಡ ರಿ ಸರ್. ಕೆಟ್ಟದ್ದು ತನಗ ತಾ ಕೆಟ್ಟೇನಿ ಅಂತ ಹೇಳಂಗಿಲ್ಲ."

ಕಾರ್ಯದರ್ಶಿಯ ದನಿ ಏರಿತು. "ಮೂಡಲಗಿ ಅಜ್ಜಾರು ಹೋದ್ರು. ಉಳದಾವ್ರು ನಸುಕಿನ್ಯಾಗ ಎದ್ದು ಬಸ್ಸಿನ್ಯಾಗ ಬೆಳಗಾವಿಗೆ ಹೋಗಿ ಬರಾಕತ್ತಾರ. ಇನ್ನೊಬ್ರು ಹೋದ್ರ ಯಾರ ಮ್ಯಾಲ? ನೀವು ಬರಕೊಡ್ತೀರಿ?"

ಅವರ ಮಾತು ಸುಳ್ಳಾಗಿರಲಿಲ್ಲ. ತಡ ಮಾಡಿದರೆ ಒಂದು ಬಗೆಯ ಸಾವು, ಅವಸರ ಮಾಡಿದರೆ ಇನ್ನೊಂದು ಬಗೆಯದು. ಮೊದಲನೆಯದರ ಹೆಸರು ನಮಗೆ ಗೊತ್ತಿತ್ತು, ಎರಡನೆಯದು ಬರೀ ನನ್ನ ಅನುಮಾನ. ಎದೆಯಲ್ಲಿ ಏನೂ ಕದಲದವಳಿಗೆ ಇಂಥ ಹೊತ್ತಿನಲ್ಲಿ ಒಂದೇ ಅನುಕೂಲ, ದನಿ ನಡುಗುವುದಿಲ್ಲ.

"ನಾ ಸಹಿ ಮಾಡೂತನಕ ಯಾರನ್ನೂ ಹಚ್ಚಬ್ಯಾಡ್ರಿ. ಬ್ಯಾರೆದವರನ್ನ ಕರೆಸಿ ಸಹಿ ಮಾಡಸ್ತೀರಿ ಅಂದ್ರ ನನ್ನ ತಕರಾರಿಲ್ಲ."

ಡಾಕ್ಟರು ಬಹಳ ಹೊತ್ತು ಪರದೆಯ ಹಸಿರನ್ನು ನೋಡಿದರು. ಕೊನೆಗೆ, "ಓಡಸ್ರಿ," ಎಂದು ಎದ್ದು ಹೋದರು.

ಮರುದಿನ ಬೆಳಿಗ್ಗೆ ಕಲ್ಲೋಳಿಯ ಅಕ್ಕ ಬಂದಳು. ಯಂತ್ರ ಎದ್ದಿವೆ ಎಂಬ ಸುದ್ದಿ ಮುಟ್ಟಿತ್ತು. ಬಾಗಿಲ ಬಳಿಯ ಒಂದನೇ ಯಂತ್ರ ಅವಳದು. ಅದು ಗುಂಯ್ ಎಂದು ಓಡುತ್ತಿತ್ತು, ಹಾಸಿಗೆ ಖಾಲಿ.

"ನಡೀತೈತಲ್ಲವಾ! ನನ್ನ ಹಚ್ಚಾಕ ಏನ್ ಧಾಡಿ ನಿಮಗ?"

"ಇನ್ನ ನೋಡಾಕತ್ತೇನಿ ಅಕ್ಕಾರ."

"ನಿನ್ನ ಗಂಡ ಇದ್ದಿದ್ರ ಹಿಂಗ ಕುಂತ ನೋಡ್ತಿದ್ದೇನು?"

ನಾನು ಯೋಚಿಸಿದೆ. ಅವರಿದ್ದಿದ್ದರೂ ಹೀಗೇ ಕೂತಿರುತ್ತಿದ್ದೆನೇ? ಗೊತ್ತಾಗಲಿಲ್ಲ. ಅದನ್ನೇ ಹೇಳಿದೆ: "ಗೊತ್ತಿಲ್ರಿ." ಅವಳು ಪಡಸಾಲೆಯ ಬೆಂಚಿನ ಮೇಲೆ ಕೂತು ಬಸ್ಸಿನ ಹೊತ್ತಿನವರೆಗೆ ಅಲ್ಲೇ ಇದ್ದು ಬೆಳಗಾವಿಗೆ ಹೋದಳು.

ನನ್ನ ಬಳಿ ಒಂದು ಕೈಮಾಪಕವಿತ್ತು. ಯಂತ್ರದ ಮಾತು ನಂಬದೆ, ಹೊರಬರುವ ದ್ರಾವಣದ ಶಾಖ ಮತ್ತು ಉಪ್ಪಿನಂಶವನ್ನು ಬೇರೆಯಾಗಿ ಅಳೆಯುವಂಥದ್ದು. ಸ್ಟೂಲು ಎಳೆದುಕೊಂಡು ಒಂದರಿಂದ ಇನ್ನೊಂದಕ್ಕೆ ಹೋಗಿ ಅಳೆಯುತ್ತಿದ್ದೆ. ಮೊದಲ ಸುತ್ತು ನಾಲ್ಕೂ ಸರಿ ಬಂದವು. ಕಾರ್ಯದರ್ಶಿ ಬಂದು ನೋಡಿ ಹೋದರು. ಎರಡನೇ ಸುತ್ತೂ ಸರಿ.

ಮೂರನೇ ಸುತ್ತಿನ ಅರ್ಧಕ್ಕೆ ಒಂದನೇ ಯಂತ್ರದ ದ್ರಾವಣ ಮಾಪಕದಲ್ಲಿ ಮೂವತ್ತೆಂಟು ಡಿಗ್ರಿ ತೋರಿಸಿತು. ಪರದೆಯ ಮೇಲೆ ಮೂವತ್ತೇಳಿತ್ತು. ಮಾಪಕ ಒರೆಸಿ ಮತ್ತೆ ಹಿಡಿದೆ. ಮೂವತ್ತೊಂಬತ್ತು. ನರ್ಸಮ್ಮನನ್ನು ಕರೆದೆ. ಇಬ್ಬರೂ ನೋಡುತ್ತ ನಿಂತೆವು. ನಲವತ್ತಾಯಿತು, ನಲವತ್ತೈದೂ ದಾಟಿತು. ಪರದೆ ಮೂವತ್ತೇಳನ್ನು ಬಿಟ್ಟು ಕದಲಲಿಲ್ಲ. ಎಚ್ಚರಿಕೆಯ ಗಂಟೆ ಹೊಡೆಯಲಿಲ್ಲ. ಕಾಯ್ಲು ಕಾಯುತ್ತಲೇ ಇತ್ತು. ಶಾಖ ಮೀರಿದರೆ ತಡೆಯಬೇಕಾದ ಇನ್ನೊಂದು ತಂತಿಯ ಮಾತನ್ನೂ ಆ ಹಳೆಯ ಮಾದರಿಯಲ್ಲಿ ಅದೇ ಬೋರ್ಡು ಓದುತ್ತಿತ್ತು, ಆ ಬೋರ್ಡು ಎರಡನ್ನೂ ತಪ್ಪಾಗಿ ಓದುತ್ತಿತ್ತು. ಆ ಶಾಖದಲ್ಲಿ ರಕ್ತದ ಕಣಗಳು ಒಡೆಯುತ್ತವೆ. ಹಾಸಿಗೆಯಲ್ಲಿ ಯಾರಾದರೂ ಇದ್ದಿದ್ದರೆ ಅವರಿಗೆ ಮೊದಲು ಎದೆ ಬಿಗಿದಂತಾಗುತ್ತಿತ್ತು.

ನರ್ಸಮ್ಮ ಖಾಲಿ ಹಾಸಿಗೆಯ ಅಂಚಿಗೆ ಕೂತಳು. "ಅಕ್ಕಾರಿದ್ರ..." ಎಂದು ಅಲ್ಲಿಗೇ ನಿಲ್ಲಿಸಿದಳು.

ಯಂತ್ರ ನಿಲ್ಲಿಸಿ ಬೋರ್ಡು ಹೊರತೆಗೆದೆ. ಭೂತಗನ್ನಡಿಯಲ್ಲಿ ನೋಡಿದೆ. ಸುಟ್ಟ ಗುರುತಿಲ್ಲ, ಬಿರುಕಿಲ್ಲ, ಹಸಿರು ಕಿಲುಬು ಹಿಡಿದಿಲ್ಲ. ಅಂದವಾಗಿತ್ತು.

ಆ ಬೋರ್ಡನ್ನು ಕಂಪನಿಗೆ ಕಳಿಸಿ ಒಂದನೇ ಯಂತ್ರವನ್ನು ಬದಿಗಿಟ್ಟೆ. ಉಳಿದ ಮೂರನ್ನು ಮತ್ತೂ ಓಡಿಸಿದೆ. ಅವು ತಪ್ಪಲಿಲ್ಲ. ಸಹಿ ಮಾಡಿದೆ. ಕಾರ್ಯದರ್ಶಿ ಸಹಿಯ ಹಾಳೆ ತೆಗೆದುಕೊಳ್ಳುವಾಗ, "ಅವತ್ತ ಸಿಟ್ಟಿನ್ಯಾಗ ಅಂದ್ನಿ, ಮನಸಿಗೆ ಹಚ್ಕೋಬ್ಯಾಡ್ರಿ," ಎಂದರು. ನಾನು ಹಚ್ಚಿಕೊಂಡಿರಲಿಲ್ಲ. ಹಚ್ಚಿಕೊಳ್ಳಲು ಬೇಕಾದದ್ದು ನನ್ನಲ್ಲಿ ಆಗ ಇರಲಿಲ್ಲ.

ಪಾಳಿ ಶುರುವಾದ ದಿನ ಕಲ್ಲೋಳಿಯ ಅಕ್ಕನನ್ನು ಕಿಟಕಿಯ ಬಳಿಯ ಮೂರನೇ ಯಂತ್ರಕ್ಕೆ ಹಾಕಿದೆವು. ನರ್ಸಮ್ಮ ಅವಳಿಗೆ ಎಲ್ಲ ಹೇಳಿದ್ದಳೆಂದು ಕಾಣುತ್ತದೆ. ಮಲಗುವ ಮುಂಚೆ ನನ್ನ ಕಡೆ ತಿರುಗಿ ಕೈ ಚಾಚಿದಳು, ಸೂಜಿಗೆ.

ಅವತ್ತೇ ನಾದಿನಿ ಬಂದಳು. ಪಡಸಾಲೆಯಲ್ಲಿ ಬಹಳ ಹೊತ್ತು ಕೂತಿದ್ದಳಂತೆ, ಯಾರೂ ನನಗೆ ಹೇಳಿರಲಿಲ್ಲ. ನಾನು ಹೊರಗೆ ಬಂದಾಗ ಎದ್ದು ನಿಂತಳು.

"ಒಂದು ಕೆಟ್ಟೈತಂತ. ಕಾಕಾ ಹೇಳಿದ್ರು."

"ಹೌದು."

"ನಾ ಸುತ್ತಿದ್ದಕ್ಕೇನ್ರಿ?"

ಕೆಟ್ಟದ್ದು ಹಳೆಯ ಬೋರ್ಡು. ಮೊದಲೇ ಸವೆದಿರಬಹುದು. ನಾನು ಸುತ್ತಿದ ಚೀಲದೊಳಗೇ ತೇವ ಹೊಕ್ಕಿರಬಹುದು. ಆಂಬುಲೆನ್ಸಿನ ಕುಲುಕಿಗೆ ಬೆಸುಗೆ ಸಡಿಲಾಗಿರಬಹುದು. ನೈಲಾನಿನಿಂದಲೂ ಆಗಿರಬಹುದು, ಬಲ್ಬಿನ ಬಿಸಿಯಿಂದಲೂ. ಕಂಪನಿಯವರೂ ಕೊನೆಗೆ ಚಿಪ್ ಹೋಗಿದೆ ಎಂದಷ್ಟೇ ಬರೆದರು, ಯಾಕೆ ಎಂದು ಬರೆಯಲಿಲ್ಲ. ಅವಳನ್ನು ಬಿಡಿಸಲು ಇಲ್ಲ ಎನ್ನಬಹುದಿತ್ತು. ಹೌದು ಎನ್ನಲೂಬಹುದಿತ್ತು.

"ಗೊತ್ತಿಲ್ಲ ತಂಗಿ," ಎಂದೆ. "ಇರಬಹುದು. ಇಲ್ಲದಿರಬಹುದು. ತಿಜೋರಿಯಾಗ ಬಿಟ್ಟಿದ್ರ ಅಷ್ಟೂ ತೊಯ್ದು ಹೋಗ್ತಿದ್ವು. ಅದು ಮಾತ್ರ ಗೊತ್ತೈತಿ."

ಅವಳು ನೆಲ ನೋಡುತ್ತ ನಿಂತಳು. ಒಳಗೆ ಯಂತ್ರದ ಪಂಪು ತಿರುಗುವ ಸದ್ದು ಬಾಗಿಲವರೆಗೂ ಕೇಳುತ್ತಿತ್ತು. "ಅಣ್ಣಂದೂ ಹಂಗೇನ್ರಿ ವೈನಿ? ನಾ ಕೊಟ್ಟಿದ್ರ ಉಳೀತಿದ್ದಾ?"

ಈ ಪ್ರಶ್ನೆಗೆ ನನ್ನ ಬಳಿ ಉತ್ತರ ಸಿದ್ಧವಿತ್ತು, ಉಳಿಯುತ್ತಿದ್ದರು ಎಂದು. ಮಣ್ಣಿನ ದಿನದಿಂದ ಇತ್ತು. ಯಾರಾದರೂ ಕೇಳಲಿ ಎಂದು ಕಾದಿದ್ದೆ, ಅವಳೇ ಕೇಳಲಿ ಎಂದೂ ಕಾದಿದ್ದೆ. ಈಗ ಅದನ್ನು ನಾಲಿಗೆಗೆ ತರಲು ಹೋದರೆ ಬರಲಿಲ್ಲ. ಅವರ ಎದೆ ಮೊದಲಿನಿಂದ ಬಲವಾಗಿರಲಿಲ್ಲ. ಆಪರೇಷನ್ ತಡೆದುಕೊಳ್ಳುವುದೇ ಕಷ್ಟ ಎಂದು ಡಾಕ್ಟರು ಒಮ್ಮೆ ನನ್ನೊಬ್ಬಳಿಗೆ ಹೇಳಿದ್ದರು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ತಡೆದುಕೊಳ್ಳುತ್ತಿದ್ದರೋ ಏನೋ ಎಂಬುದೂ ಅಷ್ಟೇ ನಿಜ.

"ಡಾಕ್ಟರು ಎದಿ ಸೋತೈತಿ ಅಂದಿದ್ರು," ಎಂದೆ. "ಉಳೀತಿದ್ರೋ ಇಲ್ಲೋ, ಅದೂ ಗೊತ್ತಿಲ್ಲ."

ಅವಳು ಅಲ್ಲೇ ಬೆಂಚಿಗೆ ಕುಸಿದು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ನಾನು ಪಕ್ಕದಲ್ಲಿ ಕೂತೆ. ನನಗೆ ಅಳು ಬರಲಿಲ್ಲ. ಅವಳ ಭುಜ ನನ್ನ ಭುಜಕ್ಕೆ ತಾಗಿ ಅಲುಗುತ್ತಿತ್ತು, ಅದು ಗೊತ್ತಾಗುತ್ತಿತ್ತು. ಸರಿಯಲಿಲ್ಲ. ಒಳಗೆ ಯಂತ್ರ ಒಮ್ಮೆ ಕೂಗಿತು. ಎದ್ದು ಹೋಗಿ ನೋಡಿ, ಕೊಳವೆಯ ಮಡಿಕೆ ಸರಿಮಾಡಿ, ಮರಳಿ ಬಂದು ಅಲ್ಲೇ ಕೂತೆ.

ಸಂಜೆ ಬಸ್‌ಸ್ಟ್ಯಾಂಡಿಗೆ ಅವಳ ಜೊತೆ ನಡೆದೆ. ಹುಕ್ಕೇರಿಯ ಬಸ್ಸು ತಡವಾಗಿ ಬಂತು. ಅವಳಿಗೆ ಕಿಟಕಿಯ ಸೀಟು ಸಿಕ್ಕಿತು. ಸರಳುಗಳ ನಡುವಿನಿಂದ ಕೇಳಿದಳು:

"ಹುಡುಗ್ರು ನಿಮ್ಮನ್ನ ಕೇಳಾಕತ್ತಾವ ವೈನಿ. ಯಾವಾಗ ಬರ್ತೀರಿ?"

ಬಸ್ಸು ಕದಲಿತು. "ಐತವಾರ," ಎಂದೆ. ಬಾಯಿಗೆ ಬಂದದ್ದನ್ನು ಹೇಳಿದ್ದೆ, ಮನಸ್ಸಿನಲ್ಲಿ ಏನೂ ಇರ‍ಲಿಲ್ಲ.

ಐತವಾರ ಎದ್ದು ಸ್ನಾನ ಮಾಡಿ, ಹುಕ್ಕೇರಿಗೆ ಹೋದೆ. ಅವತ್ತು ಅವಳ ಮನೆಯಲ್ಲಿ ಉಂಡೆ.